ಹಳೇ ಕಾರಿನ ಬ್ರೇಕ್ ಕೈಕೊಟ್ಟರೆ: ಚಕ್ರ ಬಿಚ್ಚುವ ಮುಂಚೆ ಪೆಡಲ್ ಏನು ಹೇಳುತ್ತಿದೆ ಕೇಳಿ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಬ್ರೇಕ್ ವಿಷಯದಲ್ಲಿ ಒಂದು ತಲೆನೋವು ಇದ್ದೇ ಇರುತ್ತದೆ. ಹಿಂದೆ ಆ ಗಾಡಿಗೆ ಯಾರು ಏನು ಮಾಡಿದ್ದಾರೆ ಅನ್ನೋದು ನಮಗೆ ಗೊತ್ತಿರುವುದಿಲ್ಲ. ಯಾವ ಬ್ರೇಕ್ ಆಯಿಲ್ ಹಾಕಿದ್ದಾರೆ? ಎಷ್ಟು ವರ್ಷದಿಂದ ಅದನ್ನು ಬದಲಾಯಿಸಿಲ್ಲ? ಪ್ಯಾಡ್ ಹಾಕಿದಾಗ ಕ್ಲಿಪ್ಪುಗಳನ್ನು ವಾಪಸ್ ಹಾಕಿದ್ದಾರಾ, ಇಲ್ಲ ಅಲ್ಲೇ ಬಿಸಾಕಿದ್ದಾರಾ? ಹೊಸ ಗಾಡಿಯಲ್ಲಿ ಏನು ಸವೆದಿದೆ ಅಂತ ಹುಡುಕಿದರೆ ಬಹುತೇಕ ಸಾಕು. ಹಳೇ ಗಾಡಿಯಲ್ಲಿ ಸವೆದಿದ್ದನ್ನೂ ಹುಡುಕಬೇಕು, ಹಿಂದಿನವರು ತಪ್ಪಾಗಿ ಮಾಡಿದ್ದನ್ನೂ ಹುಡುಕಬೇಕು, ಮಾಡದೆ ಬಿಟ್ಟಿದ್ದನ್ನೂ ಹುಡುಕಬೇಕು.

ಬ್ರೇಕ್ ಸರಿ ಇಲ್ಲ ಅಂದ ತಕ್ಷಣ ಬಹಳ ಜನ ಪ್ಯಾಡ್ ಬದಲಾಯಿಸುತ್ತಾರೆ. ಅದಕ್ಕೂ ಸರಿ ಹೋಗಲಿಲ್ಲ ಅಂದರೆ ಡಿಸ್ಕ್. ಆಮೇಲೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಭಾಗ). ಹೀಗೆ ಒಂದೊಂದೇ ಬದಲಾಯಿಸುತ್ತಾ ಹೋದರೆ ಕೊನೆಗೆ ದೋಷ ಸಿಗಬಹುದು, ಆದರೆ ಅಷ್ಟರಲ್ಲಿ ಚೆನ್ನಾಗಿದ್ದ ಭಾಗಗಳನ್ನು ಸುಮ್ನೆ ಎಸೆದಿರುತ್ತೀರಿ, ಅದಕ್ಕಿಂತ ಹೆಚ್ಚಾಗಿ ಅಷ್ಟು ದಿನವೂ ಕೆಟ್ಟ ಬ್ರೇಕಿನಲ್ಲೇ ಗಾಡಿ ಓಡಿಸಿರುತ್ತೀರಿ. ಹತ್ತು ನಿಮಿಷ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪೆಡಲ್ ಸ್ಪಂಜಿನ ಹಾಗಿದೆಯಾ, ನಿಧಾನವಾಗಿ ಇಳಿಯುತ್ತಿದೆಯಾ, ಕಲ್ಲಿನ ಹಾಗೆ ಗಟ್ಟಿಯಾಗಿದೆಯಾ, ನಡುಗುತ್ತಿದೆಯಾ? ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಕೈ ಹಾಕುವ ಮುಂಚೆ

ಪೆಡಲ್ ನೆಲಕ್ಕೆ ತಾಗುತ್ತಿದ್ದರೆ ಗಾಡಿಯನ್ನು ಓಡಿಸಬೇಡಿ. ನಿಧಾನವಾಗಿ ಹೋಗ್ತೀನಿ, ಹತ್ತಿರವೇ ಇದೆ ಅನ್ನೋದೂ ಬೇಡ. ಟೋ ಮಾಡಿಸಿ. ಓಡಿಸುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ ಬೇಗ ಬೇಗ ನಾಲ್ಕೈದು ಸಲ ಒತ್ತಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಎಂಜಿನ್ ಆಫ್ ಮಾಡಬೇಡಿ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್‌ನ ಸಹಾಯವೂ ಹೋಗುತ್ತದೆ.

ಜಾಕ್ ಮೇಲೆ ನಿಂತಿರುವ ಗಾಡಿಯ ಕೆಳಗೆ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲ ಇರಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಇಟ್ಟಿರಬೇಕು, ಎತ್ತಿದ ಕಡೆ ಸ್ಟ್ಯಾಂಡ್ ಇರಬೇಕು. ಡ್ರಮ್ ಬಿಚ್ಚಿದಾಗ ಬರುವ ಕರಿ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿ ಪೈಪಿನಲ್ಲೂ ಹೊಡೆಯಬೇಡಿ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಹೋದರೆ ತುಂಬಾ ಕೆಟ್ಟದ್ದು. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ಆದ್ದರಿಂದ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಬಿದ್ದ ತಕ್ಷಣ ನೀರು ಹಾಕಿ ತೊಳೆದರೆ ಏನೂ ಆಗುವುದಿಲ್ಲ.

ಸೀಟಿನಲ್ಲೇ ಕೂತು ಮಾಡುವ ಪರೀಕ್ಷೆ

ಎಂಜಿನ್ ಆಫ್ ಇರಲಿ. ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಬೂಸ್ಟರ್ ಒಳಗೆ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಪೆಡಲನ್ನು ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಕಾಲಿನ ಕೆಳಗೆ ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರಿತು ಅಂದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಒಂಚೂರೂ ಅಲ್ಲಾಡಲಿಲ್ಲ ಅಂದರೆ ಬೂಸ್ಟರ್, ಅದಕ್ಕೆ ಹೋಗುವ ರಬ್ಬರ್ ಪೈಪ್, ಪೈಪಿನಲ್ಲಿರುವ ಒನ್‌ವೇ ವಾಲ್ವ್, ಈ ಮೂರರಲ್ಲಿ ಒಂದು ಕೆಟ್ಟಿದೆ. ಡೀಸೆಲ್ ಗಾಡಿಯಾದರೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪನ್ನೂ ನೋಡಬೇಕು. ಪೈಪಿಗೆ ಬಿರುಕು ಬಿಟ್ಟಿರುವುದೇ ಸಾಮಾನ್ಯ, ಅದನ್ನೇ ಮೊದಲು ನೋಡಿ.

ಇನ್ನೊಂದು ಪರೀಕ್ಷೆ. ಎಂಜಿನನ್ನು ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಈಗ ಮಾಮೂಲಿ ಬಲದಲ್ಲಿ ಮೂರು ಸಲ ಒತ್ತಿ. ಮೊದಲನೇ ಸಲ ಪೆಡಲ್ ಆಳಕ್ಕೆ ಹೋಗಬೇಕು, ಎರಡನೇ ಸಲ ಅದಕ್ಕಿಂತ ಮೇಲೆ, ಮೂರನೇ ಸಲ ಇನ್ನೂ ಮೇಲೆ ನಿಲ್ಲಬೇಕು. ಮೂರೂ ಸಲ ಒಂದೇ ಥರ ಗಟ್ಟಿಯಾಗಿದ್ದರೆ ಬೂಸ್ಟರ್ ನಿರ್ವಾತ ಹಿಡಿದಿಟ್ಟುಕೊಳ್ಳುತ್ತಿಲ್ಲ. ಪೆಡಲ್ ಒತ್ತಿದಾಗ ಡ್ಯಾಶ್‌ಬೋರ್ಡ್ ಕೆಳಗಿನಿಂದ ನಿಲ್ಲದೆ ಬುಸ್ ಅಂತ ಗಾಳಿ ಸದ್ದು, ಜೊತೆಗೆ ಎಂಜಿನ್ ಐಡಲ್ ಏರುಪೇರು, ಇವೆರಡೂ ಇದ್ದರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿದೆ ಅಂತಲೇ ಲೆಕ್ಕ.

ಬೂಸ್ಟರ್ ಸರಿ ಇದೆ, ಆದರೂ ಪೆಡಲ್ ಗಟ್ಟಿ, ಗಾಡಿ ನಿಲ್ಲುತ್ತಿಲ್ಲ. ಆಗ ತಪ್ಪು ಚಕ್ರದಲ್ಲಿದೆ. ಪ್ಯಾಡ್ ಬಿಸಿಯಾಗಿ ಗಾಜಿನ ಹಾಗೆ ನುಣುಪಾಗಿರಬಹುದು, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಆಗಿರಬಹುದು, ಇಲ್ಲ ಪ್ಯಾಡಿನ ಗುಣಮಟ್ಟವೇ ಕಳಪೆ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಎಂಜಿನ್ ಓಡುತ್ತಿರಲಿ. ಪೆಡಲನ್ನು ಹದವಾಗಿ ಒತ್ತಿ, ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಹಿಡಿದುಕೊಳ್ಳಿ. ಜೋರಾಗಿ ಒತ್ತುವುದು ಬೇಡ. ಟ್ರಾಫಿಕ್‌ನಲ್ಲಿ ನಿಂತಾಗ ಒತ್ತುತ್ತೀರಲ್ಲ, ಅಷ್ಟೇ ಸಾಕು. ಪೆಡಲ್ ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ ಇಳಿಯುತ್ತಾ ಹೋದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ಹೊರಗೆ ಸೋರುತ್ತಿದ್ದರೆ ಆಯಿಲ್ ಡಬ್ಬಿಯ ಮಟ್ಟ ಇಳಿಯುತ್ತದೆ, ಎಲ್ಲೋ ಒದ್ದೆ ಕಾಣುತ್ತದೆ. ಮಟ್ಟ ಇಳಿದಿಲ್ಲ, ಎಲ್ಲೂ ಒದ್ದೆ ಇಲ್ಲ, ಪೆಡಲ್ ಮಾತ್ರ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ವಾಷರ್ ಹೋಗಿದೆ. ಒತ್ತಡ ವಾಷರ್ ದಾಟಿ ವಾಪಸ್ ಡಬ್ಬಿಗೇ ಹೋಗುತ್ತಿದೆ. ಜೋರಾಗಿ ಒತ್ತಿದರೆ ಕೆಲವು ಸಲ ಈ ವಾಷರ್ ಹರಡಿ ಗೋಡೆಗೆ ಒತ್ತಿಕೊಂಡು ಹಿಡಿದುಬಿಡುತ್ತದೆ, ಮೆಲ್ಲಗೆ ಒತ್ತಿದಾಗಲೇ ಬಣ್ಣ ಬಯಲಾಗುವುದು. ಅದಕ್ಕೇ ಹದವಾಗಿ ಒತ್ತಿ ಅಂದಿದ್ದು.

ಆಯಿಲ್ ಮಟ್ಟ ಇಳಿಯುತ್ತಿದೆ, ಆದರೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ ಅಂದರೆ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಜಾಗ ನೋಡಿ. ಹಿಂಬದಿಯ ಸೀಲ್ ಹೋಗಿದ್ದರೆ ಆಯಿಲ್ ಬೂಸ್ಟರ್ ಒಳಗೆ ಸೇರುತ್ತಿರುತ್ತದೆ. ಎರಡು ನಟ್ ಬಿಚ್ಚಿ ಮಾಸ್ಟರ್ ಸಿಲಿಂಡರನ್ನು, ಪೈಪ್ ಬಗ್ಗದ ಹಾಗೆ, ಸ್ವಲ್ಪ ಮುಂದಕ್ಕೆ ತಂದು ಹಿಂದೆ ಬೆರಳು ಹಾಕಿ ನೋಡಿ. ಬೆರಳು ಒದ್ದೆಯಾದರೆ ಉತ್ತರ ಸಿಕ್ಕಿತು. ಇನ್ನೊಂದು ಮಾತು: ಪ್ಯಾಡ್ ಸವೆದಂತೆ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗವನ್ನು ಆಯಿಲ್ ತುಂಬುತ್ತದೆ, ಹಾಗಾಗಿ ಮಟ್ಟ ನಿಧಾನವಾಗಿ ಕಡಿಮೆಯಾಗುವುದು ಸಹಜ. ಪ್ಯಾಡ್ ನೋಡದೆ ಸುಮ್ನೆ ಆಯಿಲ್ ತುಂಬಿಸಬೇಡಿ.

ಸ್ಪಂಜಿನಂಥ ಪೆಡಲ್

ಒತ್ತಿದರೆ ಮೆತ್ತಗೆ, ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಮೇಲೆ ಬರುತ್ತದೆ. ಇದಕ್ಕೆ ಎಲ್ಲರೂ ಹೇಳುವುದು 'ಏರ್ ಹಿಡಿದಿದೆ' ಅಂತ, ಅಂದರೆ ಬ್ರೇಕ್ ಆಯಿಲಿನ ಪೈಪಿನೊಳಗೆ ಗಾಳಿ ಸೇರಿದೆ ಅಂತ. ಇರಬಹುದು. ಆದರೆ ಹಿಂದೆ ಡ್ರಮ್ ಬ್ರೇಕ್ ಇರುವ ಹಳೇ ಗಾಡಿಯಲ್ಲಿ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತುವ ಭಾಗ) ಮತ್ತು ಡ್ರಮ್ ನಡುವೆ ಸಂದು ಜಾಸ್ತಿಯಾದರೂ ಪೆಡಲ್ ಹೀಗೇ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಮೇಲೆ ಬರುತ್ತದೆ. ಇವೆರಡನ್ನು ಬೇರೆ ಮಾಡುವುದು ಸುಲಭ. ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆದು ಪೆಡಲ್ ಒತ್ತಿ. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನೇ ಡ್ರಮ್ಮಿಗೆ ತಳ್ಳುವ ಗಾಡಿಯಾದರೆ, ಪೆಡಲ್ ಈಗ ಮೇಲೆಯೇ ನಿಂತು ಗಟ್ಟಿ ಅನ್ನಿಸಿದರೆ ತಪ್ಪು ಏರ್‌ದಲ್ಲ, ಹಿಂದಿನ ಶೂ ಅಡ್ಜಸ್ಟ್‌ಮೆಂಟಿನದು. ಪೆಡಲ್ ಆಗಲೂ ಮೆತ್ತಗೇ ಇದ್ದರೆ ಏರ್ ಇದೆ ಅಂತ ಇಟ್ಟುಕೊಳ್ಳಿ.

ಡ್ರಮ್ ಒಳಗೆ ತಾನಾಗಿಯೇ ಅಡ್ಜಸ್ಟ್ ಆಗುವ ಒಂದು ಸಣ್ಣ ಹಲ್ಲಿನ ಚಕ್ರ ಇರುತ್ತದೆ. ಹಳೇ ಗಾಡಿಯಲ್ಲಿ ಅದು ತುಕ್ಕು ಹಿಡಿದು ತಿರುಗುವುದೇ ಇಲ್ಲ. ಎಡಗಡೆಯದ್ದನ್ನು ಬಲಗಡೆಗೆ ಹಾಕಿರುವುದೂ ಉಂಟು. ಥ್ರೆಡ್ ಉಲ್ಟಾ ಇರುವುದರಿಂದ ಆಗ ಅದು ಶೂಗಳನ್ನು ಡ್ರಮ್ಮಿಗೆ ಹತ್ತಿರ ತರುವ ಬದಲು ದೂರ ಮಾಡುತ್ತದೆ. ಡ್ರಮ್ ಬಿಚ್ಚುವಾಗ ಒಂದು ಕಡೆಯದ್ದನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿ. ಸ್ಪ್ರಿಂಗ್ ಎಲ್ಲಿ ಹೇಗಿತ್ತು ಅನ್ನೋದಕ್ಕೆ ಜೋಡಿ ಚಕ್ರವೇ ಮಾದರಿ.

ಏರ್ ತೆಗೆಯುವ ವಿಚಾರದಲ್ಲಿ ಹಳೇ ಗಾಡಿಗೆ ಮೂರು ಎಚ್ಚರಿಕೆ ಬೇಕು. ಪೆಡಲನ್ನು ನೆಲದ ತನಕ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಹೋಗಿ ಬಂದಿರುತ್ತದೆ, ಅದರಾಚೆ ತುಕ್ಕು, ಕೊಳೆ ಕೂತಿರುತ್ತದೆ. ನೆಲಕ್ಕೆ ಒತ್ತಿದರೆ ವಾಷರ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. 'ಏರ್ ತೆಗೆಸಿದ ಮೇಲೆ ಬ್ರೇಕ್ ಇನ್ನೂ ಹಾಳಾಯ್ತು' ಅಂತ ಹೇಳುತ್ತಾರಲ್ವಾ, ಎಷ್ಟೋ ಸಲ ಕಾರಣ ಇದೇ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಬಿಡಿ, ಅದಕ್ಕಿಂತ ಕೆಳಗೆ ಹೋಗುವುದೇ ಬೇಡ. ಎರಡನೆಯದು, ನಿಪ್ಪಲ್ (ಏರ್ ಹೊರಬಿಡುವ ಸಣ್ಣ ತಿರುಪು) ಕ್ಯಾಲಿಪರಿನ ಮೇಲ್ಭಾಗದಲ್ಲಿ ಇರಬೇಕು. ಗಾಳಿ ಮೇಲೆ ಹೋಗುತ್ತದೆ, ನಿಪ್ಪಲ್ ಕೆಳಗಿದ್ದರೆ ಎಷ್ಟು ಲೀಟರ್ ಆಯಿಲ್ ಹರಿಸಿದರೂ ಗಾಳಿ ಒಳಗೇ ಕೂತಿರುತ್ತದೆ. ಎಡ ಬಲ ಕ್ಯಾಲಿಪರ್ ಅದಲು ಬದಲಾಗಿದ್ದರೆ ಹೀಗಾಗುತ್ತದೆ. ಮೂರನೆಯದು, ತುಕ್ಕು ಹಿಡಿದ ನಿಪ್ಪಲನ್ನು ಒಂದೇ ಸಲ ತಿರುಗಿಸಲು ಹೋಗಬೇಡಿ, ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಆರು ಮೂಲೆಯ ರಿಂಗ್ ಸ್ಪಾನರ್ ಹಾಕಿ, ಮೆಲ್ಲಗೆ ತಟ್ಟಿ, ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿ.

ಬ್ರೇಕ್ ಆಯಿಲ್ ಎಣ್ಣೆ ಅಲ್ಲ

ನಾವೆಲ್ಲ ಬ್ರೇಕ್ ಆಯಿಲ್ ಅಂತಲೇ ಕರೆಯುತ್ತೇವೆ. ಆ ಹೆಸರೇ ಒಂದೊಂದು ಸಲ ಅನಾಹುತ ಮಾಡುತ್ತದೆ. ಆಯಿಲ್ ಅಲ್ವಾ ಅಂತ ಯಾರೋ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಡಬ್ಬಿಗೆ ಹಾಕಿಬಿಡುತ್ತಾರೆ. ಬ್ರೇಕಿನ ರಬ್ಬರ್ ಭಾಗಗಳು ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತವೆ. ಮೊದಲು ಬ್ರೇಕ್ ಕಚ್ಚಿಕೊಳ್ಳುತ್ತದೆ (ಪೆಡಲ್ ಬಿಟ್ಟರೂ ಬಿಡುವುದಿಲ್ಲ), ಆಮೇಲೆ ಪೂರ್ತಿ ಕೈಕೊಡುತ್ತದೆ. ಡಬ್ಬಿಯ ಮುಚ್ಚಳ ತೆಗೆದು ಒಳಗಿನ ರಬ್ಬರ್ ನೋಡಿ. ಅದು ಊದಿ, ಸುಕ್ಕಾಗಿ, ವಾಪಸ್ ಕೂರುತ್ತಿಲ್ಲ ಅಂದರೆ ಅನುಮಾನ ಪಡಲೇಬೇಕು. ಖಚಿತಪಡಿಸಿಕೊಳ್ಳಲು ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು, ಡಬ್ಬಿಯಿಂದ ಸ್ವಲ್ಪ ಆಯಿಲ್ ಅದಕ್ಕೆ ಹಾಕಿ ಕಲಕಿ. ಡಾಟ್ 3, ಡಾಟ್ 4 ಎಂಬ ಮಾಮೂಲಿ ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ. ಮೇಲೆ ಎಣ್ಣೆಯ ಪದರ ತೇಲಿದರೆ ಬೇರೆ ಏನೋ ಸೇರಿದೆ. ಸಿಲಿಕೋನಿನಿಂದ ಮಾಡಿದ ಡಾಟ್ 5 ಕೂಡ ನೀರಿನಲ್ಲಿ ಬೆರೆಯುವುದಿಲ್ಲ, ಅದನ್ನು ಡಾಟ್ 3, 4ರ ಜೊತೆ ಸೇರಿಸಲೂಬಾರದು. ಎಣ್ಣೆ ಸೇರಿದ್ದು ನಿಜವಾದರೆ ಬರೀ ಆಯಿಲ್ ಬದಲಾಯಿಸಿದರೆ ಸಾಲದು. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲ್, ವೀಲ್ ಸಿಲಿಂಡರ್ (ಡ್ರಮ್ ಒಳಗೆ ಶೂ ತಳ್ಳುವ ಭಾಗ), ಹೋಸ್ (ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪ್), ಹೀಗೆ ರಬ್ಬರ್ ಇರುವ ಎಲ್ಲವನ್ನೂ ಬದಲಾಯಿಸಲೇಬೇಕು. ಕಷ್ಟದ ಕೆಲಸ, ಆದರೆ ಅರ್ಧ ಮಾಡಿ ಬಿಟ್ಟರೆ ಆ ಬ್ರೇಕನ್ನು ನಂಬುವ ಹಾಗಿಲ್ಲ.

ಇನ್ನು ಆಯಿಲ್ ಹಳೆಯದಾಗುವುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ನಿಯಮ. ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದು 205 ಮತ್ತು 140. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆ ಬಿಸಿಗೆ ಆಯಿಲ್ ಕುದಿದು ಆವಿಯಾಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿ ಇರುತ್ತದೆ! ಗ್ಯಾರೇಜಿಗೆ ಹೋದರೆ ಏನೂ ತೊಂದರೆ ಇಲ್ಲ ಅಂತಾರೆ. ಹೀಗಾಗಿದ್ದರೆ ಆಯಿಲ್ ಬದಲಾಯಿಸಿ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕೊಂಡ ಗಾಡಿಯಲ್ಲಿ ಯಾವಾಗ ಬದಲಾಯಿಸಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಕೊಂಡ ವಾರವೇ ಬದಲಾಯಿಸುವುದು ಒಳ್ಳೆಯದು. ಇದೇ ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗೇ ಇದ್ದು, ಸುಟ್ಟ ವಾಸನೆ ಬಂದು, ಗಾಡಿ ಮಾತ್ರ ನಿಲ್ಲದಿದ್ದರೆ ಅದು ಆಯಿಲ್ ತಪ್ಪಲ್ಲ, ಪ್ಯಾಡ್ ಅತಿಯಾಗಿ ಕಾದಿದೆ.

ಒಂದು ಕಡೆಗೆ ಎಳೆಯುವುದು, ಕಚ್ಚಿಕೊಳ್ಳುವುದು

ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆದರೆ ಎಡಗಡೆ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಬ್ರೇಕ್ ಜಾಸ್ತಿ ಹಿಡಿಯುವ ಕಡೆಗೆ ಗಾಡಿ ಎಳೆಯುತ್ತದೆ. ಅಂದರೆ ಕೆಲಸ ಮಾಡದೆ ಇರುವುದು ಬಲಗಡೆಯದ್ದು ಇರಬಹುದು. ಮೊದಲು ಟೈರ್ ಗಾಳಿ ಸರಿ ಮಾಡಿ, ಅದರಿಂದಲೂ ಎಳೆಯುತ್ತದೆ. ಆಮೇಲೆ ಎರಡೂ ಕಡೆ ಪ್ಯಾಡ್‌ಗಳನ್ನು ನೋಡಿ, ಒಂದು ಕಡೆ ಆಯಿಲ್ ಅಥವಾ ಗ್ರೀಸ್ ತಾಗಿರಬಹುದು. ಬ್ರೇಕ್ ಒತ್ತದೆ ಇದ್ದಾಗಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಆ ಕಡೆಯ ಚಕ್ರ ಕಚ್ಚಿಕೊಂಡಿರಬಹುದು.

ಕಚ್ಚಿಕೊಳ್ಳುವ ದೋಷವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನ್ನ ಗಾಡಿಯಲ್ಲೇ ಆಗಿದ್ದು. ಮುಂದಿನ ಎಡ ಚಕ್ರ ಏಳೆಂಟು ಕಿ.ಮೀ. ಹೋಗುವಷ್ಟರಲ್ಲಿ ಹತ್ತಿರ ಕೈ ಹಿಡಿಯಲಾಗದಷ್ಟು ಬಿಸಿಯಾಗುತ್ತಿತ್ತು. ಪಕ್ಕದ ಚಕ್ರ ಬರೀ ಬೆಚ್ಚಗಿರುತ್ತಿತ್ತು. ಪ್ಯಾಡ್ ಬದಲಾಯಿಸಿದ್ದಾಯಿತು. ಕ್ಯಾಲಿಪರ್ ಅತ್ತಿತ್ತ ಸರಿಯುವ ಪಿನ್‌ಗಳನ್ನು ತೆಗೆದು ಒರೆಸಿ ಹೊಸ ಗ್ರೀಸ್ ಹಚ್ಚಿದ್ದಾಯಿತು. ಪಿಸ್ಟನ್ ಕೂಡ ಸಲೀಸಾಗಿ ಒಳಗೆ ಹೋಗುತ್ತಿತ್ತು. ಆದರೂ ಬಿಸಿ ಹಾಗೇ.

ಆಮೇಲೆ ಗಾಡಿ ಓಡಿಸಿಕೊಂಡು ಬಂದು, ಬಿಸಿ ಇದ್ದಾಗಲೇ ಎಡ ಚಕ್ರವನ್ನು ಎತ್ತಿ ಸ್ಟ್ಯಾಂಡ್ ಇಟ್ಟೆ. ಚಕ್ರ ಕೈಯಲ್ಲಿ ತಿರುಗಲೇ ಇಲ್ಲ. ನಿಪ್ಪಲಿಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲ ಮಾಡಿದೆ. ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದರೂ ಆಯಿಲ್ ಚಿಮ್ಮಿ ಬಂತು, ಆ ಕ್ಷಣವೇ ಚಕ್ರ ಸಡಿಲವಾಯಿತು. ಅಂದರೆ ಕ್ಯಾಲಿಪರ್ ತಪ್ಪಲ್ಲ, ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿದೆ. ಚಕ್ರ ಆಗಲೂ ಬಿಡದಿದ್ದರೆ ಪಿಸ್ಟನ್ನೋ ಪಿನ್ನೋ ಜಾಮ್ ಅಂತ ಆಗುತ್ತಿತ್ತು.

ಒತ್ತಡವನ್ನು ಹಿಡಿದಿಟ್ಟಿರುವುದು ಹೋಸಾ, ಮಾಸ್ಟರ್ ಸಿಲಿಂಡರಾ? ನಿಪ್ಪಲ್ ಮುಚ್ಚಿ, ಮತ್ತೆ ಓಡಿಸಿ ಬಿಸಿ ಮಾಡಿಕೊಂಡು ಬಂದು, ಈ ಸಲ ಸ್ಟೀಲ್ ಪೈಪ್ ಹೋಸಿಗೆ ಸೇರುವ ಜಾಗದ ನಟ್ಟನ್ನು ಸಡಿಲ ಮಾಡಿದೆ. ಎರಡು ಹನಿ ಬಿತ್ತು ಅಷ್ಟೇ. ಚಕ್ರ ಬಿಗಿಯಾಗೇ ಇತ್ತು. ಅಲ್ಲಿಗೆ ಮುಗಿಯಿತು, ತಪ್ಪು ಹೋಸಿನದ್ದೇ. ಬಿಚ್ಚಿದ ಹೋಸ್ ಹೊರಗಿನಿಂದ ಚೆನ್ನಾಗಿತ್ತು, ಬಿರುಕಿಲ್ಲ, ಊತವಿಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯ ಕೆಳಗೆ ತುಕ್ಕು ಬೆಳೆದು ಹೋಸನ್ನು ಅಮುಕಿತ್ತು. ಒಳಪದರ ಅಲ್ಲೇ ಕಿತ್ತು ಬಂದು ಪುಟ್ಟ ನಾಲಿಗೆಯ ಹಾಗೆ ಮಲಗಿತ್ತು. ಪೆಡಲ್ ಒತ್ತಿದರೆ ಆ ಬಲಕ್ಕೆ ನಾಲಿಗೆ ಸರಿದು ಆಯಿಲ್ ಹೋಗುತ್ತದೆ, ಪೆಡಲ್ ಬಿಟ್ಟರೆ ವಾಪಸ್ ಬರುವ ದಾರಿಯನ್ನು ಅದೇ ಮುಚ್ಚುತ್ತದೆ. ಹೋಸ್ ಬದಲಾಯಿಸಿದ ಮೇಲೆ ಎರಡೂ ಚಕ್ರ ಒಂದೇ ಹದಕ್ಕೆ ಬಂದವು. ಇಡೀ ಪರೀಕ್ಷೆಗೆ ಬೇಕಾಗಿದ್ದು ಒಂದು ಸ್ಪಾನರ್, ಒಂದು ಪೈಪ್ ತುಂಡು. ಅದನ್ನೇ ಮೊದಲು ಮಾಡಿದ್ದರೆ ಪ್ಯಾಡ್ ಉಳಿಯುತ್ತಿತ್ತು. ಹೋಸ್ ಒಳಗೆ ಹರಿಯಲು ಇನ್ನೊಂದು ಕಾರಣ, ಕೆಲಸ ಮಾಡುವಾಗ ಕ್ಯಾಲಿಪರನ್ನು ಹೋಸಿನಲ್ಲೇ ನೇತಾಡಲು ಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ, ತಂತಿ ಹಾಕಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

ಒಂದೇ ಚಕ್ರವಲ್ಲ, ಎಲ್ಲ ಚಕ್ರವೂ ಬಿಸಿಯಾಗುತ್ತಿದ್ದರೆ, ಹೊರಟಾಗ ಸರಿ ಇದ್ದು ದೂರ ಹೋದಂತೆ ಗಾಡಿ ಭಾರವಾಗುತ್ತಾ ಪೆಡಲ್ ಮೇಲೆ ಮೇಲೆ ಬರುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಕಡೆ ನೋಡಿ. ಪೆಡಲ್ ಬಿಟ್ಟಾಗ ಆಯಿಲ್ ಡಬ್ಬಿಗೆ ವಾಪಸ್ ಹೋಗಲು ಅದರಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಆ ತೂತು ಮುಚ್ಚೇ ಇರುತ್ತದೆ. ಪೆಡಲಿಗೆ ಮೇಲ್ಭಾಗದಲ್ಲಿ ಕೆಲವು ಮಿ.ಮೀ. ಆಟ ಇರಬೇಕು, ಬೆರಳಲ್ಲಿ ತಳ್ಳಿ ನೋಡಿ. ಬ್ರೇಕ್ ಲೈಟ್ ಸ್ವಿಚ್ಚನ್ನು ಜಾಸ್ತಿ ಮುಂದಕ್ಕೆ ಹಾಕಿದ್ದರೂ ಅದು ಪೆಡಲನ್ನು ಚೂರು ಒತ್ತಿಯೇ ಇಟ್ಟಿರುತ್ತದೆ. ಪೆಡಲಿನ ಆಟ ಸರಿ ಇದ್ದರೆ, ಚಕ್ರಗಳು ಕಚ್ಚಿರುವಾಗಲೇ ಮಾಸ್ಟರ್ ಸಿಲಿಂಡರಿನ ನಟ್‌ಗಳನ್ನು ಒಂದೆರಡು ಸುತ್ತು ಸಡಿಲಿಸಿ. ಚಕ್ರ ಬಿಟ್ಟರೆ ಬೂಸ್ಟರಿನ ತಳ್ಳುವ ಕಡ್ಡಿ ಉದ್ದವಾಗಿದೆ. ಬಿಡದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೇ ತೊಂದರೆ. ಪರೀಕ್ಷೆ ಮುಗಿದ ಮೇಲೆ ಆ ನಟ್‌ಗಳನ್ನು ಬಿಗಿ ಮಾಡಲು ಮರೆಯಬೇಡಿ.

ಪ್ಯಾಡ್, ಡಿಸ್ಕ್, ಸದ್ದು, ನಡುಕ

ಚಕ್ರದ ಸಂದಿಯಿಂದ ಇಣುಕಿದರೆ ಹೊರಗಿನ ಪ್ಯಾಡ್ ಮಾತ್ರ ಕಾಣುತ್ತದೆ. ಒಳಗಿನದು ಪೂರ್ತಿ ಸವೆದು ಕಬ್ಬಿಣ ತಾಗುತ್ತಿರಬಹುದು. ಚಕ್ರ ಬಿಚ್ಚಿ ಎರಡನ್ನೂ ನೋಡಿ. ಮಸಾಲೆ (ಪ್ಯಾಡಿನ ತಗಡಿನ ಮೇಲಿರುವ, ಸವೆಯುವ ಪದರ) 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸಿ. ಒಂದು ಪ್ಯಾಡ್ ಜಾಸ್ತಿ ಸವೆದು ಇನ್ನೊಂದು ದಪ್ಪ ಇದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಕ್ಯಾಲಿಪರಿನ ಪಿನ್ ಅಥವಾ ಪಿಸ್ಟನ್ ಸಿಕ್ಕಿಕೊಳ್ಳುತ್ತಿದೆ. ಅದನ್ನು ಸರಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಪಿನ್‌ಗೆ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದುತ್ತದೆ. ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಹಾಕಿ.

ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತದೆ. ಅಳೆಯುವಾಗ ಒಂದು ಮೋಸ ಇದೆ. ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಏಣು ಇರುತ್ತದೆ. ವರ್ನಿಯರನ್ನು ಹಾಗೇ ಹಾಕಿದರೆ ಆ ಏಣಿನ ದಪ್ಪ ಸಿಗುತ್ತದೆ, ಸವೆದ ಜಾಗದ್ದಲ್ಲ. ಎರಡೂ ಕಡೆ ಒಂದೇ ದಪ್ಪದ ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಡಿಸ್ಕ್. ಸೀಟು ಮತ್ತು ಪೆಡಲ್ ಮಾತ್ರ ನಡುಗಿದರೆ ಹಿಂದಿನದ್ದನ್ನು ನೋಡಿ. ಡಿಸ್ಕ್ ಬೆಂಡ್ ಆಗಿದೆ ಅನ್ನೋ ಮುಂಚೆ ಅದನ್ನು ತೆಗೆದು ಹಬ್ ಮೇಲಿನ ತುಕ್ಕು ನೋಡಿ. ಡಿಸ್ಕಿನ ಓಲಾಟ ಸಾಮಾನ್ಯವಾಗಿ 0.1 ಮಿ.ಮೀ. ಒಳಗಿರಬೇಕು. ಕಾಗದದ ದಪ್ಪದ ತುಕ್ಕಿನ ಪದರ ಡಿಸ್ಕ್ ಹಿಂದೆ ಕೂತರೂ ಅಂಚಿನಲ್ಲಿ ಅದಕ್ಕಿಂತ ಜಾಸ್ತಿ ಓಲಾಡುತ್ತದೆ. ಹೊಸ ಡಿಸ್ಕ್ ಹಾಕಿದರೂ ನಡುಕ ಹೋಗದಿರಲು ಇದೇ ಕಾರಣ ಇರಬಹುದು. ತಂತಿ ಬ್ರಷ್‌ನಲ್ಲಿ ಹೊಳೆಯುವ ತನಕ ಉಜ್ಜಿ.

ಸದ್ದಿನ ಬಗ್ಗೆ ಚಿಕ್ಕದಾಗಿ: ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಕೇಳಿ ನಿಂತುಹೋಗುವ ಗರಗರ ರಾತ್ರಿ ಕೂತ ತುಕ್ಕಿನದ್ದು, ಚಿಂತೆ ಬೇಡ. ಕೀಚಲು ಸದ್ದು ನಿಲ್ಲದೆ ಬಂದರೆ ಪ್ಯಾಡ್ ಸವೆದ ಎಚ್ಚರಿಕೆಯ ತಗಡು ತಾಗುತ್ತಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದಾದರೆ ಅಲ್ಲೇ ನಿಲ್ಲಿಸಿ. ಬ್ರೇಕ್ ಒತ್ತಿದಾಗ ಒಂದೇ ಸಲ ಟಕ್ ಅಂದರೆ ಪ್ಯಾಡಿನ ಕ್ಲಿಪ್ ಇಲ್ಲದಿರಬಹುದು, ಇಲ್ಲ ಕ್ಯಾಲಿಪರ್ ಬೋಲ್ಟ್ ಸಡಿಲವಾಗಿರಬಹುದು. ಎರಡನೆಯದು ಅಪಾಯ, ಅದೇ ದಿನ ನೋಡಿ.

ಎಬಿಎಸ್ (ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ, ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗ ಕೊನೆಯ ಕ್ಷಣದಲ್ಲಿ ಪೆಡಲ್ ಕಾಲಿಗೆ ಗುದ್ದಿ, ಗಾಡಿ ಒಂದು ಅಡಿ ಮುಂದೆ ಜಾರಿದಂತಾದರೆ ಅದು ಡಿಸ್ಕಿನ ನಡುಕ ಅಲ್ಲ. ಚಕ್ರದ ಸೆನ್ಸರ್ ಮುಂದೆ ತಿರುಗುವ ಹಲ್ಲಿನ ರಿಂಗ್ ತುಕ್ಕು ಹಿಡಿದಿದೆ ಅಥವಾ ಬಿರುಕು ಬಿಟ್ಟಿದೆ. ಖಾಲಿ ಜಾಗದಲ್ಲಿ ಎಬಿಎಸ್ ಫ್ಯೂಸ್ ತೆಗೆದು ನಿಧಾನವಾಗಿ ಓಡಿಸಿ ನೋಡಿ. ಗುದ್ದುವುದು ನಿಂತರೆ ಸೆನ್ಸರ್, ರಿಂಗ್ ಕಡೆ ಹೋಗಿ. ಫ್ಯೂಸನ್ನು ಮರೆಯದೆ ವಾಪಸ್ ಹಾಕಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಎಬಿಎಸ್ ಮತ್ತು ಬ್ರೇಕ್ ಎಚ್ಚರಿಕೆ ಲೈಟ್‌ಗಳು ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ದೋಷ ಇಲ್ಲ ಅಂತಲ್ಲ, ಬಲ್ಬ್ ಹೋಗಿರಬಹುದು ಅಥವಾ ಮಾರುವ ಮುಂಚೆ ಯಾರೋ ತೆಗೆದಿರಬಹುದು.

ಕೆಲಸ ಮುಗಿದ ಮೇಲೆ

ಗಾಡಿ ಸ್ಟಾರ್ಟ್ ಮಾಡಿ ಗೇರ್ ಹಾಕುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿರುತ್ತೀರಿ, ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ. ಇದನ್ನು ಮರೆತು ನೇರ ಗೋಡೆಗೆ ಹೋದವರಿದ್ದಾರೆ. ಹದವಾಗಿ ಒತ್ತಿ ಒಂದು ನಿಮಿಷ ಹಿಡಿಯುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ವೇಗ ಏರಿಸುತ್ತಾ ನಿಲ್ಲಿಸಿ ನೋಡಿ. ಹತ್ತು ಕಿ.ಮೀ. ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ತಂದು ಬಿಸಿ ಹೋಲಿಸಿ, ಮುಟ್ಟಬೇಡಿ. ಮುಂದಿನ ಎರಡು ಒಂದೇ ಥರ, ಹಿಂದಿನ ಎರಡು ಒಂದೇ ಥರ ಇರಬೇಕು. ಮಾರನೇ ದಿನ ಬೆಳಿಗ್ಗೆ, ಗಾಡಿ ಅಲ್ಲಾಡಿಸುವ ಮುಂಚೆ, ಟಾರ್ಚ್ ಹಿಡಿದು ಬಿಚ್ಚಿದ ಪ್ರತಿಯೊಂದು ನಟ್, ನಿಪ್ಪಲ್ ಮೇಲೆ ಬಿಳಿ ಟಿಶ್ಯೂ ಒತ್ತಿ ನೋಡಿ. ಒದ್ದೆ ಕಂಡರೆ ಅಲ್ಲಿಂದಲೇ ಮತ್ತೆ ಶುರು.